ಪೇಟಿ ಬಲ್ಲ ಕಿವಿಗೆ ಗಿಟಾರ್

ವಿಜಯಪುರದ ಕಡೆ ಭಜನೆ ಇಲ್ಲದ ಊರನ್ನು ಹುಡುಕಬೇಕು. ಪೇಟಿ (ಹಾರ್ಮೋನಿಯಂ), ತಬಲಾ, ತಾಳಗಳ ನಡುವೆ ಕೂತು ಬೆಳೆದವರಿಗೆ ಸಾ ಎಲ್ಲಿದೆ, ಸಮ್, ಅಂದರೆ ತಾಳದ ಮೊದಲ ಮಾತ್ರೆ, ಎಲ್ಲಿ ಬಿತ್ತು ಅನ್ನುವುದು ಯಾರೂ ಹೇಳಿಕೊಡದೆ ಗೊತ್ತಿರುತ್ತದೆ. ಆದರೆ ಗಿಟಾರ್ ಕೈಗೆ ಬಂದ ಕೂಡಲೇ ಅದನ್ನೆಲ್ಲ ಬದಿಗಿಟ್ಟು, ಫೋನಿನಲ್ಲಿ ಪಾಠ ನೋಡುತ್ತ ಏನೂ ಗೊತ್ತಿಲ್ಲದವರಂತೆ ಮೊದಲಿಂದ ಶುರು ಮಾಡುತ್ತಾರೆ. ನಾನು ಪೇಟಿಯ ಲೆಕ್ಕವನ್ನೇ ಗಿಟಾರಿಗೆ ಹಚ್ಚಿ ಕಲಿತೆ. ಆ ದಾರಿ ಹೇಗಿದೆ, ಎಲ್ಲಿ ಜಾರುತ್ತದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಸ್ವರಕ್ಕಿಂತ ಮೊದಲು ವಾದ್ಯವನ್ನು ಅಳೆಯಬೇಕು. ಬೆರಳು ನೋಯುತ್ತವೆ ಎಂದು ಮೂಲೆಗಿಟ್ಟ ಗಿಟಾರುಗಳನ್ನು ತೆಗೆದು ನೋಡಿದರೆ ಬಹಳ ಸಲ ತಪ್ಪು ಬೆರಳಿನದಲ್ಲ, ತಂತಿಯ ಎತ್ತರದ್ದು. ಒಂದು ಸ್ಟೀಲ್ ಸ್ಕೇಲನ್ನು ಕುತ್ತಿಗೆಯ ಅಡ್ಡ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, 12ನೆಯದರ ಮೇಲೆ ನಿಲ್ಲಿಸಿ, ಫ್ರೆಟ್ಟಿನ ತಲೆಯಿಂದ ತಂತಿಯ ತಳದವರೆಗೆ ಎಷ್ಟು ಅಂತರವಿದೆ ನೋಡಿ. ಆರನೇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪನೆಯದು, 2.5 ಮಿ.ಮೀ. ಆಸುಪಾಸು ಇರಬೇಕು, ಒಂದನೇ ತಂತಿ 2 ಮಿ.ಮೀ. ಅಗ್ಗದ ಗಿಟಾರುಗಳಲ್ಲಿ ಇದು 4 ಮಿ.ಮೀ. ದಾಟಿರುವುದೂ ಉಂಟು. ಅಷ್ಟೆತ್ತರದ ತಂತಿಯನ್ನು ಒತ್ತಿ ಕಲಿಯಿರಿ ಎಂದು ಯಾರಿಗೂ ಹೇಳಬಾರದು. ನೋವು ಹಾಗಿರಲಿ, ಅಷ್ಟು ದೂರ ಒತ್ತುವಾಗ ತಂತಿ ಎಳೆದುಕೊಂಡು ಸ್ವರವೇ ಮೇಲೇರುತ್ತದೆ.

ಇಳಿಸುವುದು ಹೀಗೆ. ತಂತಿ ಸಡಿಲಿಸಿ ಬಿಚ್ಚಿ, ತಂತಿಗಳ ಬುಡ ಸಿಕ್ಕಿಸಿದ ಬ್ರಿಡ್ಜಿನಲ್ಲಿ ಕೂತಿರುವ ಬಿಳಿ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು, ಮೇಲಕ್ಕೆತ್ತಿ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಅರ್ಧ ಮಿ.ಮೀ. ಇಳಿಯಬೇಕೆಂದರೆ ಸ್ಯಾಡಲಿನಿಂದ ಒಂದು ಮಿ.ಮೀ. ತೆಗೆಯಬೇಕು. ತಳದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, 220 ನಂಬರಿನ ಉಜ್ಜುಕಾಗದವನ್ನು ಗಾಜಿನ ಮೇಲೋ ಸಮತಟ್ಟಾದ ಟೈಲ್ಸ್ ಮೇಲೋ ಹಾಸಿ, ಸ್ಯಾಡಲನ್ನು ನೆಟ್ಟಗೆ ನಿಲ್ಲಿಸಿ ಉಜ್ಜಿ. ಮೇಲಿನ ಬಾಗಿದ ಅಂಚನ್ನು ಮುಟ್ಟಬೇಡಿ. ತಳ ಓರೆಯಾದರೆ ಸ್ಯಾಡಲ್ ಒಂದು ಕಡೆ ಮಾತ್ರ ಮರಕ್ಕೆ ಕೂತು ಕೆಲವು ತಂತಿಗಳ ದನಿ ಸತ್ತುಹೋಗುತ್ತದೆ. ಗೆರೆಗಿಂತ ಸ್ವಲ್ಪ ಮೊದಲೇ ನಿಲ್ಲಿಸಿ, ತಂತಿ ಹಾಕಿ ಅಳೆದು, ಬೇಕಾದರೆ ಮತ್ತೆ ಉಜ್ಜಿ. ತೆಗೆದದ್ದನ್ನು ಮರಳಿ ಹಚ್ಚಲು ಬರುವುದಿಲ್ಲ.

ಬಿಚ್ಚಿದ ತಂತಿಗಳ ಜಾಗಕ್ಕೆ .010ರಿಂದ .047 ಇಂಚು ದಪ್ಪದ ಎಕ್ಸ್‌ಟ್ರಾ ಲೈಟ್ ಸೆಟ್ ಹಾಕಿ. .012ರ ಸೆಟ್ಟಿಗಿಂತ ಬಿಗಿತ ಸ್ಪಷ್ಟವಾಗಿ ಕಡಿಮೆ. ದನಿ ತುಸು ತೆಳ್ಳಗಾದರೂ ಮೊದಲ ಆರು ತಿಂಗಳಿಗೆ ಅದೇ ಒಳ್ಳೆಯದು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಮಾತ್ರ ಉಕ್ಕಿನ ತಂತಿ ಏರಿಸಬೇಡಿ. ಅದರ ಬ್ರಿಡ್ಜ್ ಆ ಎಳೆತಕ್ಕಾಗಿ ಮಾಡಿದ್ದಲ್ಲ, ಕಿತ್ತು ಬರುತ್ತದೆ.

ತಂತಿ ಇಳಿಸಿದ ಮೇಲೆ ಝುಂಯ್ ಎಂಬ ಸದ್ದು ಬಂದರೆ ಎಲ್ಲಿ ಬರುತ್ತಿದೆ ಎಂದು ಕೇಳಿ. ತಾನ್‌ಪುರದಲ್ಲಿ ಕುದುರೆಯ, ಅಂದರೆ ಬ್ರಿಡ್ಜಿನ, ಮೇಲೆ ತಂತಿಯಡಿ ನೂಲೆಳೆ ಸರಿಸಿ ನಾವೇ ಜವಾರಿ ಎಂಬ ಝೇಂಕಾರ ಎಬ್ಬಿಸುತ್ತೇವೆ. ಗಿಟಾರಿನಲ್ಲಿ ಅದೇ ಸದ್ದು ದೋಷ. ಖಾಲಿ ತಂತಿಯಲ್ಲಿ, ಅಂದರೆ ಎಲ್ಲೂ ಒತ್ತದೆ ಮೀಟಿದಾಗ, ಮಾತ್ರ ಬಂದರೆ ನಟ್ಟಿನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಕಚ್ಚು ಆಳವಾಗಿದೆ. ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಬಂದರೆ ಕುತ್ತಿಗೆ ತೀರ ನೆಟ್ಟಗಾಗಿದೆ. 12ರ ಆಚೆ ಬಂದರೆ ಸ್ಯಾಡಲನ್ನು ಹೆಚ್ಚು ಉಜ್ಜಿದ್ದೀರಿ. ಇದ್ಯಾವುದೂ ಅಲ್ಲದಿದ್ದರೆ ಬೆರಳು ಫ್ರೆಟ್ಟಿನಿಂದ ಹಿಂದೆ ಉಳಿದಿದೆ, ಹೊಸಬರಲ್ಲಿ ಹೆಚ್ಚಾಗಿ ಇದೇ ಕಾರಣ. ಫ್ರೆಟ್ಟಿನ ಬೆನ್ನಿಗೇ ಒತ್ತಿದರೆ ಅರ್ಧ ಬಲ ಸಾಕು.

ಕುತ್ತಿಗೆಯ ಬಾಗು ನೋಡಲು ಒಂದನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಕುತ್ತಿಗೆ ಒಡಲಿಗೆ ಸೇರುವಲ್ಲಿ ಆರನೇ ತಂತಿಯನ್ನು ಒತ್ತಿ ಹಿಡಿಯಿರಿ. 7ನೇ ಫ್ರೆಟ್ಟಿನ ಹತ್ತಿರ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.25 ಮಿ.ಮೀ., ಸಂದಿ ಇರಬೇಕು. ಹೆಚ್ಚಿದ್ದರೆ ಕುತ್ತಿಗೆಯೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಬಲಕ್ಕೆ ಕಾಲು ಸುತ್ತು ಬಿಗಿಮಾಡಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಒಮ್ಮೆಗೇ ಅದಕ್ಕಿಂತ ಹೆಚ್ಚು ತಿರುಗಿಸಬೇಡಿ. ಟ್ರಸ್ ರಾಡೇ ಇಲ್ಲದ ಗಿಟಾರನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು.

ಅದಕ್ಕೆ ಕಾರಣ ನಮ್ಮ ಹವೆ. ವಿಜಯಪುರ, ಬಾಗಲಕೋಟೆಯ ಬೇಸಿಗೆಯ ಒಣ ಗಾಳಿಗೆ ಮರ ಕುಗ್ಗಿ ಮುಂಭಾಗದ ಹಲಗೆ ಕುಸಿಯುತ್ತದೆ, ತಂತಿ ಇಳಿಯುತ್ತದೆ, ಫ್ರೆಟ್ಟಿನ ತುದಿಗಳು ಕುತ್ತಿಗೆಯ ಅಂಚಿನಿಂದ ಹೊರಬಂದು ಕೈಗೆ ಗೀರುತ್ತವೆ. ಬೆಳಗಾವಿಯ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ: ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ತಂತಿಗೆ ಬೇಗ ತುಕ್ಕು ಹತ್ತುತ್ತದೆ. ಬೇಸಿಗೆಯಲ್ಲಿ ಸೋಪಿನ ಡಬ್ಬಿಗೆ ತೂತು ಹಾಕಿ, ಹಿಂಡಿದ ಸ್ಪಂಜಿನ ತುಂಡನ್ನು ಅದರಲ್ಲಿಟ್ಟು ಗಿಟಾರಿನ ಚೀಲದೊಳಗೆ ಇಡುತ್ತೇನೆ. ನೀರು ತೊಟ್ಟಿಕ್ಕುವಂತಿರಬಾರದು. ಮಳೆಗಾಲದಲ್ಲಿ ಸ್ಪಂಜಿನ ಬದಲು ಸಿಲಿಕಾ ಜೆಲ್ ಪೊಟ್ಟಣ, ಮತ್ತು ಬಾರಿಸಿದ ಮೇಲೆ ಪ್ರತಿ ತಂತಿಯನ್ನು ಒಣ ಬಟ್ಟೆಯಲ್ಲಿ ಒರೆಸುವುದು. ಪತ್ರಾಸಿನ ಸೂರಿನಡಿ ಗೋಡೆಗೆ ನೇತುಹಾಕುವುದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದು ಎರಡೂ ಬೇಡ. ಅಂಟು ಮೆತ್ತಗಾಗಿ ಬ್ರಿಡ್ಜ್ ಎದ್ದುಬಿಡುತ್ತದೆ.

ಈಗ ಪೇಟಿಯನ್ನು ಹತ್ತಿರ ಎಳೆದುಕೊಳ್ಳಿ. ಗಿಟಾರಿನ ಆರೂ ಖಾಲಿ ತಂತಿಗಳು ಪೇಟಿಯ ಬಿಳಿ ಪಟ್ಟಿಗಳೇ. ಬಿಳಿ ಒಂದು ಅಂದರೆ ಸಿ, ಅಲ್ಲಿಂದ ಬಲಕ್ಕೆ ಎಣಿಕೆ. ದಪ್ಪ ತಂತಿಯಿಂದ ಶುರುಮಾಡಿದರೆ ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು, ಬಿಳಿ ಏಳು, ಮತ್ತೆ ಬಿಳಿ ಮೂರು. ಟ್ಯೂನರಿನಲ್ಲಿ (ಸ್ವರ ಅಳೆದು ತೋರಿಸುವ ಸಾಧನದಲ್ಲಿ) ಇವೇ ಇ, ಎ, ಡಿ, ಜಿ, ಬಿ, ಇ. ಪಟ್ಟಿ ಒತ್ತಿ ತಂತಿ ಮೀಟಿದಾಗ ಎರಡು ದನಿ ಹತ್ತಿರ ಬಂದಂತೆ ಒಂದು ಅಲೆದಾಟ ಕೇಳುತ್ತದೆ. ಬಿರಡೆ ತಿರುಗಿಸಿದಂತೆ ಅಲೆ ನಿಧಾನವಾಗುತ್ತ ಹೋಗಿ ನಿಂತುಬಿಡುತ್ತದೆ. ಅಲ್ಲಿಗೆ ತಂತಿ ಕೂತಿತು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸುತ್ತ ನಿಲ್ಲಿಸಿ. ಹೆಚ್ಚಾಯಿತೆಂದು ಇಳಿಸಿ ಅಲ್ಲೇ ಬಿಟ್ಟರೆ ಬಿರಡೆಯ ಹಲ್ಲಿನಲ್ಲಿ ಸಡಿಲ ಉಳಿದು ಎರಡು ನಿಮಿಷದಲ್ಲಿ ತಂತಿ ಜಾರುತ್ತದೆ.

ಎರಡು ಎಚ್ಚರಿಕೆ. ಟ್ಯೂನರ್ ಇ ಎಂದು ತೋರಿಸಿದ ಮಾತ್ರಕ್ಕೆ ಸಪ್ತಕ ಸರಿಯಿದೆ ಎಂದಲ್ಲ. ಆರನೇ ತಂತಿ 82.4 ಹರ್ಟ್ಸ್, ಒಂದನೆಯದು 329.6, ನಡುವೆ ಎರಡು ಸಪ್ತಕ. ಒಂದನೇ ತಂತಿ ಸಿಡಿಯುವುದು ಹೆಚ್ಚಾಗಿ ಸರಿಯಾದ ಇ ದಾಟಿ ಮುಂದಿನದನ್ನು ಹುಡುಕುವಾಗ. ಎರಡನೇ ತಂತಿಯ 5ನೇ ಫ್ರೆಟ್ ಒತ್ತಿ, ಅದರ ದನಿಗೆ ಖಾಲಿ ಒಂದನೇ ತಂತಿಯನ್ನು ಹೊಂದಿಸಿದರೆ ಈ ತಪ್ಪು ಆಗುವುದಿಲ್ಲ. ಇನ್ನೊಂದು, ಟ್ಯೂನರ್ ಬಿಳಿ ಆರನ್ನು 440 ಹರ್ಟ್ಸ್ ಎಂದು ಹಿಡಿಯುತ್ತದೆ. ಹಳೆಯ ಪೇಟಿ ತುಸು ಏರಿಯೋ ಇಳಿದೋ ಇರಬಹುದು. ಪೇಟಿಯ ಜೊತೆ ಬಾರಿಸುವುದಾದರೆ ಅದರ ಬಿಳಿ ಆರನ್ನು ಟ್ಯೂನರಿಗೆ ಕೇಳಿಸಿ, 443 ಬಂದರೆ ಟ್ಯೂನರಿನ ಸೆಟ್ಟಿಂಗನ್ನು 443ಕ್ಕೆ ಇಟ್ಟು ಶ್ರುತಿ ಮಾಡಿ. ಪೇಟಿ ಬದಲಾಗುವುದಿಲ್ಲ, ಗಿಟಾರ್ ಬದಲಾಗುತ್ತದೆ.

ಮೊದಲ ಹದಿನೈದು ದಿನ ಕಾರ್ಡ್ ಬೇಡ, ಸರಿಗಮ ಸಾಕು. ಸಾ ಬಿಳಿ ಒಂದು ಎಂದಿಟ್ಟುಕೊಳ್ಳಿ. ಐದನೇ ತಂತಿಯ 3ನೇ ಫ್ರೆಟ್ ಸಾ. ನಾಲ್ಕನೇ ತಂತಿ ಖಾಲಿ ರೆ, ಅದರ 2ನೇ ಫ್ರೆಟ್ ಗ, 3ನೇ ಫ್ರೆಟ್ ಮ. ಮೂರನೇ ತಂತಿ ಖಾಲಿ ಪ, ಅದರ 2ನೇ ಫ್ರೆಟ್ ಧ. ಎರಡನೇ ತಂತಿ ಖಾಲಿ ನಿ, 1ನೇ ಫ್ರೆಟ್ ತಾರ ಸಾ. ಎಷ್ಟನೇ ಫ್ರೆಟ್ಟೋ ಅಷ್ಟನೇ ಬೆರಳು: ತೋರುಬೆರಳು ಒಂದಕ್ಕೆ, ನಡುಬೆರಳು ಎರಡಕ್ಕೆ, ಉಂಗುರಬೆರಳು ಮೂರಕ್ಕೆ. ಸರೆಗ, ರೆಗಮ, ಗಮಪ ಅಲಂಕಾರವನ್ನು ಮೆಟ್ರೊನೋಮನ್ನು (ಲಯಕ್ಕೆ ಟಿಕ್ ಟಿಕ್ ಕೊಡುವ ಸಾಧನ) ನಿಮಿಷಕ್ಕೆ 60ಕ್ಕಿಟ್ಟು, ಬಾಯಲ್ಲಿ ಹಾಡುತ್ತ ಬಾರಿಸಿ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು. ಸ್ನಾನ ಮಾಡಿದ, ಪಾತ್ರೆ ತೊಳೆದ ಕೂಡಲೇ ಕೂರಬೇಡಿ. ನೆನೆದ ಚರ್ಮಕ್ಕೆ ತಂತಿ ಕೊಯ್ದಂತಾಗುತ್ತದೆ. ಮೂರು ನಾಲ್ಕು ವಾರಕ್ಕೆ ಬೆರಳ ತುದಿ ಗಟ್ಟಿಯಾಗುತ್ತದೆ.

ಕಾರ್ಡ್ ಅಂದರೆ ಪೇಟಿಯಲ್ಲಿ ಸಾ ಗ ಪ ಒಟ್ಟಿಗೆ ಒತ್ತಿದ ಹಾಗೆ. ಬಿಳಿ ಒಂದರಿಂದ ಸಾ ಗ ಪ ಹಿಡಿದರೆ ಸಿ ಮೇಜರ್. ಮ ಧ ಸಾ ಹಿಡಿದರೆ ಎಫ್. ಪ ನಿ ರೆ ಜಿ. ಧ ಸಾ ಗ ಎ ಮೈನರ್. ಕಲಿಯಲು ಸುಲಭದ ಜೋಡಿ ಎ ಮೈನರ್ ಮತ್ತು ಸಿ. ಎ ಮೈನರಿನಲ್ಲಿ ತೋರುಬೆರಳು ಎರಡನೇ ತಂತಿಯ 1ನೇ ಫ್ರೆಟ್ಟಿನಲ್ಲಿ, ನಡುಬೆರಳು ನಾಲ್ಕನೇ ತಂತಿಯ 2ರಲ್ಲಿ, ಉಂಗುರಬೆರಳು ಮೂರನೇ ತಂತಿಯ 2ರಲ್ಲಿ. ಮೊದಲೆರಡು ಬೆರಳು ಅಲುಗಿಸದೆ ಉಂಗುರಬೆರಳನ್ನು ಮಾತ್ರ ಐದನೇ ತಂತಿಯ 3ಕ್ಕೆ ಒಯ್ದರೆ ಸಿ. ಒಂದು ನಿಮಿಷಕ್ಕೆ ಎಷ್ಟು ಸಲ ಬದಲಿಸಿದಿರಿ ಎಂದು ಎಣಿಸಿ ಬರೆದಿಡಿ. ಮೂವತ್ತು ದಾಟುವವರೆಗೆ ಆ ಜೋಡಿಯನ್ನು ಹಾಡಿಗೆ ಹಚ್ಚಬೇಡಿ. ಪ್ರತಿ ಕಾರ್ಡನ್ನೂ ಒಮ್ಮೆ ತಂತಿ ತಂತಿಯಾಗಿ ಮೀಟಿ ಕೇಳಬೇಕು. ಸಿಯಲ್ಲಿ ಒಂದನೇ ತಂತಿ ಸತ್ತಿದ್ದರೆ ತೋರುಬೆರಳು ಮಲಗಿ ಅದಕ್ಕೆ ತಾಗುತ್ತಿದೆ. ಹೆಬ್ಬೆರಳನ್ನು ಕುತ್ತಿಗೆಯ ಬೆನ್ನಿನ ನಡುವಿಗೆ ಇಳಿಸಿದರೆ ಬೆರಳು ತಾನಾಗಿ ಕಮಾನಾಗುತ್ತವೆ.

ಎಫ್ ಬಗ್ಗೆ ಹೆದರಿಸುವವರು ಬಹಳ. ಒಂದನೇ ಫ್ರೆಟ್ಟಿನಲ್ಲಿ ತೋರುಬೆರಳು ಅಡ್ಡ ಇಡುವುದು ಕಷ್ಟ, ಏಕೆಂದರೆ ಪಕ್ಕದಲ್ಲೇ ನಟ್ ತಂತಿಯನ್ನು ಎತ್ತಿ ಹಿಡಿದಿರುತ್ತದೆ. ಅದೇ ಆಕಾರವನ್ನು ಮೊದಲು 5ನೇ ಫ್ರೆಟ್ಟಿನಲ್ಲಿ ಹಿಡಿಯಿರಿ, ವಾರಕ್ಕೊಂದು ಫ್ರೆಟ್ ಕೆಳಗಿಳಿಯಿರಿ. ಅಷ್ಟರವರೆಗೆ ತೆಳ್ಳನೆಯ ನಾಲ್ಕು ತಂತಿಗಳ ಸಣ್ಣ ಎಫ್ ಸಾಕು.

ಬಲಗೈಯ ವಿಷಯದಲ್ಲಿ ತಬಲಾ ಕೇಳಿದವರಿಗೆ ದೊಡ್ಡ ಅನುಕೂಲವಿದೆ. ಗಿಟಾರ್ ಪಾಠಗಳಲ್ಲಿ ಎಲ್ಲರಿಗೂ ಮೊದಲು ಕಲಿಸುವ ಹೊಡೆತ ಇದು: ಕೆಳಗೆ, ಕೆಳಗೆ ಮೇಲೆ, ಮೇಲೆ ಕೆಳಗೆ ಮೇಲೆ. ಇದನ್ನು ಕೆಹರ್ವಾ ತಾಳದ ಎಂಟು ಮಾತ್ರೆಗಳ ಮೇಲೆ ಇಟ್ಟು ನೋಡಿ. ಧಾ ಕೆಳಗೆ, ಗೆ ಖಾಲಿ, ನಾ ಕೆಳಗೆ, ತಿ ಮೇಲೆ, ನ ಖಾಲಿ, ಕ ಮೇಲೆ, ಧಿ ಕೆಳಗೆ, ನ ಮೇಲೆ. ಐದನೇ ಮಾತ್ರೆಯಲ್ಲಿ ಹೊಡೆತವಿಲ್ಲ, ಕೆಹರ್ವಾ ತಾಳದ ಖಾಲಿಯೂ, ಅಂದರೆ ಚಪ್ಪಾಳೆ ತಟ್ಟದ ಜಾಗವೂ, ಅಲ್ಲೇ. ಹೊಸಬರು ತಪ್ಪುವುದು ಸರಿಯಾಗಿ ಆ ಜಾಗದಲ್ಲಿ: ತಂತಿ ಮುಟ್ಟಬಾರದೆಂದು ಕೈಯನ್ನೇ ನಿಲ್ಲಿಸಿಬಿಡುತ್ತಾರೆ, ಆರನೇ ಮಾತ್ರೆ ತಡವಾಗುತ್ತದೆ. ತಾಳ ಹಾಕುವಾಗ ಖಾಲಿಗೆ ಕೈ ಬೀಸುತ್ತೇವಲ್ಲ, ಹಾಗೆಯೇ ಇಲ್ಲೂ ಕೈ ತಂತಿ ಮುಟ್ಟದೆ ಕೆಳಗೆ ಬೀಸಿ ಬರಬೇಕು. ಎರಡನೇ ಮಾತ್ರೆಯಲ್ಲಿಯೂ ಅಷ್ಟೇ, ಮುಟ್ಟದೆ ಮೇಲೆ ಬರಬೇಕು. ತಂತಿ ಮೀಟುವ ಪಿಕ್ಕನ್ನು ಎರಡು ಮೂರು ಮಿ.ಮೀ. ಮಾತ್ರ ಹೊರಗಿಟ್ಟು ಹಿಡಿಯಿರಿ, 0.6 ಮಿ.ಮೀ. ದಪ್ಪದ್ದು ಸಾಕು. ಆರು ಮಾತ್ರೆಯ ದಾದ್ರಾ ತಾಳಕ್ಕೆ ಆರೂ ಕೆಳಹೊಡೆತ: ಒಂದನೇ ಮಾತ್ರೆಗೆ ದಪ್ಪ ತಂತಿ, ಎರಡು ಮೂರಕ್ಕೆ ತೆಳ್ಳನೆಯವು, ನಾಲ್ಕಕ್ಕೆ ಮತ್ತೆ ದಪ್ಪ ತಂತಿ, ಆದರೆ ಹಗುರವಾಗಿ.

ಹಾಡುವವರು "ಕರಿ ಒಂದು ಕೊಡ್ರಿ" ಅಂದಾಗ ಕೈಕಾಲು ಬಿಡಬೇಕಾಗಿಲ್ಲ. ಬಿಳಿ ಒಂದರ ಬಲಕ್ಕಿರುವ ಕರಿ ಪಟ್ಟಿಯೇ ಕರಿ ಒಂದು, ಅದನ್ನು ಸಾ ಮಾಡಿ ಎಂದರ್ಥ. ಸಿ ಆಕಾರಕ್ಕೆ 1ನೇ ಫ್ರೆಟ್ಟಿನಲ್ಲಿ ಕೇಪೋ ಹಾಕಿದರೆ ಕರಿ ಒಂದು, 3ನೇ ಫ್ರೆಟ್ಟಿನಲ್ಲಿ ಹಾಕಿದರೆ ಕರಿ ಎರಡು. ಹೆಣ್ಣುದನಿಯ ಕರಿ ನಾಲ್ಕಕ್ಕೆ ಜಿ ಆಕಾರ, ಕೇಪೋ 1ರಲ್ಲಿ. ಕರಿ ಐದಕ್ಕೆ ಜಿ ಆಕಾರ, ಕೇಪೋ 3ರಲ್ಲಿ. ಬಿಳಿ ನಾಲ್ಕಕ್ಕೆ ಡಿ ಆಕಾರ, ಕೇಪೋ 3ರಲ್ಲಿ. ಕೇಪೋವನ್ನು ಫ್ರೆಟ್ಟಿನ ಬೆನ್ನಿಗೆ ಹಚ್ಚಿ, ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ನೋಡಿ. ಅದರ ಬಿಗಿತಕ್ಕೆ ತಂತಿ ತುಸು ಏರಿರುತ್ತದೆ.

ರಾಗ ಇರುವ ಪದಗಳಿಗೆ ಕಾರ್ಡ್ ಹಾಕುವಾಗ ಪೇಟಿಯ ಇನ್ನೊಂದು ಲೆಕ್ಕ ನೆರವಿಗೆ ಬರುತ್ತದೆ. ಬರೀ ಬಿಳಿ ಪಟ್ಟಿಗಳಲ್ಲೇ ಸಾ ಬದಲಿಸುತ್ತ ಹೋದರೆ ಒಂದರಿಂದ ಬಿಲಾವಲ್, ಎರಡರಿಂದ ಕಾಫಿ, ಮೂರರಿಂದ ಭೈರವಿ, ನಾಲ್ಕರಿಂದ ಕಲ್ಯಾಣ, ಐದರಿಂದ ಖಮಾಜ್, ಆರರಿಂದ ಅಸಾವರಿ ಥಾಟ್, ಅಂದರೆ ರಾಗಗಳ ಮೂಲ ಸ್ವರಪಂಕ್ತಿ, ಸಿಗುತ್ತದೆ. ಸಿ, ಡಿ ಮೈನರ್, ಇ ಮೈನರ್, ಎಫ್, ಜಿ, ಎ ಮೈನರ್ ಈ ಆರೂ ಕಾರ್ಡುಗಳಲ್ಲಿ ಇರುವುದು ಬಿಳಿ ಪಟ್ಟಿಗಳು ಮಾತ್ರ. ಆದ್ದರಿಂದ ಭೈರವಿಯ ಪದಕ್ಕೆ ಇ ಮೈನರನ್ನು ಸಾ ಎಂದು ಹಿಡಿದು ಎಫ್, ಎ ಮೈನರ್ ಸುತ್ತ ಓಡಾಡಿದರೆ ರಾಗದ ಹೊರಗಿನ ಸ್ವರ ಬರುವುದಿಲ್ಲ. ಯಮನ್‌ಗೆ ಸಾ ಬಿಳಿ ಒಂದೆಂದು ಹಿಡಿದು ಎಫ್ ಬಾರಿಸಿದರೆ ಮಾತ್ರ ಕೆಡುತ್ತದೆ. ಅದರಲ್ಲಿ ಶುದ್ಧ ಮ ಇದೆ, ಯಮನ್‌ಗೆ ಬೇಕಾದದ್ದು ತೀವ್ರ ಮ. ಅಲ್ಲಿ ಡಿ ಮೇಜರ್ ಹೊಂದುತ್ತದೆ.

ಇಷ್ಟಾದರೂ ಫ್ರೆಟ್ಟಿನ ಸ್ವರ ಕಟ್ಟಿಹಾಕಿದ ಸ್ವರ. ಹಾಡುವವರ ಶುದ್ಧ ಗಾಂಧಾರ ಗಿಟಾರಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್ಟಿನ ಅಂತರದ ನೂರರಲ್ಲಿ ಹದಿನಾಲ್ಕು ಪಾಲು) ಕೆಳಗಿರುತ್ತದೆ. ಸ್ವರ ಬಾಗದು ಎಂಬ ಇಂಥದೇ ಆಕ್ಷೇಪಕ್ಕೆ ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿತ್ತು. ಹಾಗಾಗಿ ವಚನ, ದಾಸರ ಪದಗಳನ್ನು ನಿಧಾನವಾಗಿ ಹಾಡುವಾಗ ನಾನು ಗಾಂಧಾರವನ್ನೇ ಬಿಡುತ್ತೇನೆ. ಐದನೇ ತಂತಿ ಖಾಲಿ, ನಾಲ್ಕನೇ ಮತ್ತು ಮೂರನೇ ತಂತಿಗಳ 2ನೇ ಫ್ರೆಟ್, ಈ ಮೂರನ್ನೇ ಮೀಟಿದರೆ ಸಾ ಪ ಸಾ. ಸಾ ಬಿಳಿ ಆರಾಗುತ್ತದೆ. ಕೇಪೋ 4ರಲ್ಲಿ ಹಾಕಿದರೆ ಕರಿ ಒಂದು. ಉಳಿದ ತಂತಿಗಳಿಗೆ ಬೆರಳ ಹೊಟ್ಟೆ ತಾಗಿಸಿ ಸುಮ್ಮನಾಗಿಸಿ. ಹಾಡುವವರು ಆಲಾಪಕ್ಕೆ ಹೊರಟಾಗ ಹೆಬ್ಬೆರಳಿನಿಂದ ಐದನೇ ತಂತಿಯೊಂದನ್ನೇ ಮೀಟುತ್ತಿರಿ, ಅವರು ಸಮ್‌ಗೆ ಮರಳಿದಾಗ ಮೂರೂ ತಂತಿ ಸೇರಿಸಿ.