ವಿಜ್ಞಾನ ಲೇಖನ: ಸಂಭಾವನೆ ಎಷ್ಟು, ಹಕ್ಕು ಯಾರದು?

ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಬಂಡೆಗಳಿವೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ಥಟ್ಟನೆ ತಣಿದು ರೂಪುಗೊಂಡ ಈ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅವುಗಳ ಬಗ್ಗೆ ಪತ್ರಿಕೆಯೊಂದು ನಿಮ್ಮಿಂದ ಲೇಖನ ಕೇಳಿದೆ ಎನ್ನೋಣ.

ಒಪ್ಪಿಕೊಳ್ಳುವ ಮೊದಲೇ ಸಂಭಾವನೆ ಮಾತಾಡಿ. ಪದಗಳ ಲೆಕ್ಕವೊಂದೇ ಸಾಲದು. ಸ್ಥಳಕ್ಕೆ ಹೋಗಿಬರಬೇಕು, ಭೂವಿಜ್ಞಾನಿಗಳನ್ನು ಹುಡುಕಿ ಮಾತಾಡಿಸಬೇಕು, ಸಂಶೋಧನಾ ಪ್ರಬಂಧ ಓದಬೇಕು, ಪ್ರತಿ ಅಂಕಿಯನ್ನೂ ತಾಳೆ ನೋಡಬೇಕು. ವಿಜ್ಞಾನ ಬರಹದ ಬಹುಪಾಲು ಶ್ರಮ ಇಲ್ಲೇ ಇದೆ. ಆ ಗಂಟೆಗಳನ್ನು ಕೂಡಿಸಿ ಮೊತ್ತ ಹೇಳಿ. ಪ್ರಯಾಣದ ಖರ್ಚು ಬೇರೆ. ಬರೆಸಿಕೊಂಡು ಪ್ರಕಟಿಸದಿದ್ದರೆ ಎಷ್ಟು ಕೊಡುತ್ತಾರೆ ಎಂಬುದನ್ನೂ ಆಗಲೇ ಕೇಳಿ. ಹೆಸರು ಬರುತ್ತದಲ್ಲ ಎಂಬ ಸಮಾಧಾನಕ್ಕೆ ದಯವಿಟ್ಟು ತಲೆಯಾಡಿಸಬೇಡಿ.

ಮುಂದಿನದು ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬರೆದವರೇ ಮೊದಲ ಒಡೆಯರು; ಸಂಬಳದ ನೌಕರರ ವಿಷಯ ಬೇರೆ. ನೋಂದಣಿ ಕಡ್ಡಾಯವಲ್ಲ. ಹಕ್ಕು ಪತ್ರಿಕೆಗೆ ವರ್ಗವಾಗಬೇಕಾದರೆ ನೀವು ಸಹಿ ಮಾಡಿದ ಲಿಖಿತ ಪತ್ರ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದೇ 19ನೇ ಸೆಕ್ಷನ್ ಭಾವಿಸುತ್ತದೆ. ಆದ್ದರಿಂದ ಹಣದ ರಸೀದಿಯ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಿಯೇ ಸಹಿ ಮಾಡಿ. ಎಲ್ಲ ಹಕ್ಕುಗಳೂ ಪ್ರಕಾಶಕರವು ಎಂಬ ಸಾಲಿದ್ದರೆ ಹೊಡೆದುಹಾಕಿಸಿ, ಒಂದು ಬಾರಿಯ ಪ್ರಕಟಣೆಗೆ ಮಾತ್ರ ಅನುಮತಿ ಎಂದು ಬರೆಸಿ. ಅನುವಾದ, ಪುಸ್ತಕ, ಧ್ವನಿರೂಪ ನಿಮ್ಮಲ್ಲೇ ಉಳಿಯಲಿ. ನಾಳೆ ದಾವಣಗೆರೆಯ ಪ್ರಕಾಶಕರೊಬ್ಬರು ಅದೇ ಲೇಖನವನ್ನು ಸಂಕಲನಕ್ಕೆ ಕೇಳಿದರೆ ಮತ್ತೊಮ್ಮೆ ಸಂಭಾವನೆ ಪಡೆಯಬಹುದು.

ಛಾಯಾಚಿತ್ರದಲ್ಲಿ ಹಲವರು ಎಡವುತ್ತಾರೆ. ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಒಡೆಯರು. ಬಂಡೆಗಳ ಚಿತ್ರ ನೀವೇ ತೆಗೆಯುವುದಾದರೆ ಅದರ ಹಕ್ಕು ನಿಮ್ಮದೆಂದು ಮೊದಲೇ ಬರೆಸಿಕೊಳ್ಳಿ.

ಕಾಯ್ದೆ ಕಾಯುವುದು ನಿಮ್ಮ ವಾಕ್ಯಗಳನ್ನು, ಲಾವಾ ತಣಿದ ಸಂಗತಿಯನ್ನಲ್ಲ. ಅದನ್ನು ಯಾರು ಬೇಕಾದರೂ ತಮ್ಮ ಮಾತಿನಲ್ಲಿ ಬರೆಯಬಹುದು. ಹಕ್ಕು ಮಾರಿದ ಮೇಲೂ 57ನೇ ಸೆಕ್ಷನ್ ನಿಮ್ಮ ಕೈಬಿಡುವುದಿಲ್ಲ: ಲೇಖನ ನಿಮ್ಮದೆಂದು ಸಾರುವ, ಹೆಸರಿಗೆ ಕುಂದು ತರುವಂತೆ ತಿರುಚಿದರೆ ಪ್ರಶ್ನಿಸುವ ಅಧಿಕಾರ ಉಳಿಯುತ್ತದೆ.

ಮಾತಾಡಿದ್ದನ್ನೆಲ್ಲ ಅಂದೇ ಇಮೇಲ್‌ನಲ್ಲಿ ಕಳುಹಿಸಿ, ಸಂಪಾದಕರ ಒಪ್ಪಿಗೆಯ ಉತ್ತರ ತರಿಸಿಕೊಳ್ಳಿ. ಲೇಖನದ ಜೊತೆಗೇ ಬಿಲ್ ಹೋಗಲಿ. ಅದರಲ್ಲಿ ಮೊತ್ತ, ಪಾವತಿಯ ಗಡುವು, ಕೊಟ್ಟ ಹಕ್ಕು ಇರಲಿ. ಗಡುವು ದಾಟಿದರೆ ಮರುದಿನವೇ ಅದೇ ಇಮೇಲ್‌ಗೆ ಉತ್ತರವಾಗಿ ನೆನಪೋಲೆ ಬರೆಯಿರಿ.