ಹಾರ್ಮೋನ್ ಶುರು ಮಾಡುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ

ನೀವು ಹೆಣ್ಣೋ ಗಂಡೋ ಎಂಬುದನ್ನು ಯಾವ ಗುಳಿಗೆಯೂ ತೀರ್ಮಾನಿಸುವುದಿಲ್ಲ. ಅದನ್ನು ಹೇಳುವ ಹಕ್ಕು ನಿಮ್ಮದೇ ಎಂದು ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ಹೇಳಿದೆ. ಹಾರ್ಮೋನ್ ಬದಲಿಸುವುದು ದೇಹವನ್ನು. ಆದ್ದರಿಂದ ಹದಿನೆಂಟು ದಾಟಿದ ಟ್ರಾನ್ಸ್ ವ್ಯಕ್ತಿ ತನ್ನನ್ನು ಕೇಳಿಕೊಳ್ಳಬೇಕಾದದ್ದು ಬೇರೆಯೇ: ಯಾವ ಬದಲಾವಣೆ ಬೇಕು, ಯಾವುದು ಬೇಡ, ಯಾವುದನ್ನು ಮನೆಯವರಿಂದ ಮುಚ್ಚಿಡಲು ಆಗುವುದಿಲ್ಲ?

ಮೊದಲ ಹೆಜ್ಜೆ. ಹಾಳೆಯ ನಡುವೆ ಗೆರೆ ಎಳೆಯಿರಿ. ಔಷಧ ನಿಲ್ಲಿಸಿದರೆ ಮರಳುವಂಥವು ಎಡಕ್ಕೆ, ಮರಳದವು ಬಲಕ್ಕೆ.

ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ತೆಗೆದುಕೊಳ್ಳುವವರಿಗೆ ಚರ್ಮ ಮೆತ್ತಗಾಗುವುದು, ಸ್ನಾಯು ಇಳಿಯುವುದು, ಕೊಬ್ಬು ಸೊಂಟದ ಕಡೆ ಸೇರುವುದು, ಕಾಮಾಸಕ್ತಿ ತಗ್ಗುವುದು ಬಹುಮಟ್ಟಿಗೆ ಎಡಕ್ಕೆ. ಸ್ತನ ಬಲಕ್ಕೆ. ಮೂರರಿಂದ ಆರು ತಿಂಗಳಲ್ಲಿ ಮೊಳೆತು ಎರಡು ಮೂರು ವರ್ಷ ಬೆಳೆಯುತ್ತದೆ. ಬೇಡವೆಂದರೆ ಆಪರೇಷನ್ನೇ ದಾರಿ. ದನಿ ಬದಲಾಗುವುದಿಲ್ಲ, ಗಡ್ಡವೂ ಉದುರುವುದಿಲ್ಲ. ಗಡ್ಡಕ್ಕೆ ಲೇಸರ್, ದನಿಗೆ ಅಭ್ಯಾಸ ಬೇಕು. ಇದು ಮೊದಲೇ ತಿಳಿಯದಿದ್ದರೆ ಆರು ತಿಂಗಳಿಗೆ ಮನಸ್ಸು ಮುರಿಯುತ್ತದೆ.

ಟೆಸ್ಟೋಸ್ಟಿರೋನ್‌ನಲ್ಲಿ (ಗಂಡು ಹಾರ್ಮೋನ್) ಬಲಭಾಗ ಬೇಗ ತುಂಬುತ್ತದೆ. ಕೆಲವು ತಿಂಗಳಲ್ಲಿ ದನಿ ಒಡೆಯುತ್ತದೆ, ಮರಳುವುದಿಲ್ಲ. ಗಡ್ಡ, ಚಂದ್ರನಾಡಿಯ ಬೆಳವಣಿಗೆಯೂ ಹಾಗೆಯೇ. ಬೋಳುತಲೆಯ ಸಾಧ್ಯತೆಗೆ ತಂದೆಯ, ಸೋದರಮಾವಂದಿರ ತಲೆ ನೋಡಿ. ಮುಟ್ಟು ನಿಲ್ಲುವುದು ಎಡಕ್ಕೆ. ಅವ್ವನಿಗೆ ಫೋನಿನಲ್ಲಿ ನೆಗಡಿ ಆಗಿದೆ ಎಂದು ಎಷ್ಟು ವಾರ ಹೇಳಲಾದೀತು? ಮನೆಯಲ್ಲಿ ಹೇಳುವ ದಿನವನ್ನು ದನಿ ಗೊತ್ತುಮಾಡುವ ಮೊದಲು ನೀವೇ ಗೊತ್ತುಮಾಡಿಕೊಳ್ಳಿ. ಹೊರಹಾಕಿದರೆ ಉಳಿಯಲು ಜಾಗ, ಕೈಯಲ್ಲಿ ಒಂದಿಷ್ಟು ದುಡ್ಡು ಇದೆಯೇ ಎಂಬುದೂ ಈ ನಿರ್ಧಾರದ ಭಾಗವೇ.

ಮಕ್ಕಳ ವಿಚಾರ. ಈಸ್ಟ್ರೋಜನ್‌ನಿಂದ ವೀರ್ಯಾಣು ಕುಗ್ಗುತ್ತವೆ, ನಿಲ್ಲಿಸಿದರೂ ಮರಳುವ ಭರವಸೆಯಿಲ್ಲ. ವೀರ್ಯ ಕಾದಿಡುವುದಿದ್ದರೆ ಮೊದಲ ಗುಳಿಗೆಗೂ ಮುಂಚೆ. ಟೆಸ್ಟೋಸ್ಟಿರೋನ್‌ನಲ್ಲಿ ಮುಟ್ಟು ನಿಂತರೂ ಗರ್ಭ ನಿಲ್ಲಬಹುದು, ಆ ಔಷಧ ಭ್ರೂಣಕ್ಕೆ ಹಾನಿ ಮಾಡುತ್ತದೆ; ಗರ್ಭನಿರೋಧಕ ಬೇರೆಯೇ ಬೇಕು.

ಡಾಕ್ಟರ್ ಹುಡುಕುವುದು. ಮಾತು ಶುರು ಮಾಡಲು ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ದವಾಖಾನೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಹಾರ್ಮೋನ್ ಬರೆಯುವ ಅನೇಕ ಡಾಕ್ಟರು ಮನೋವೈದ್ಯರ ಪತ್ರ ಕೇಳುತ್ತಾರೆ. 'ಇದನ್ನು ಸರಿಮಾಡಿ ಗಂಡಸನ್ನಾಗಿಯೇ ಉಳಿಸುತ್ತೇವೆ' ಎನ್ನುವವರಿದ್ದರೆ ಎದ್ದು ಬನ್ನಿ; ಅಂಥ ಪರಿವರ್ತನಾ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ. ಹಾರ್ಮೋನ್ ತಜ್ಞರಿಗಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾದರೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ ಎಂದು ಲೆಕ್ಕ ಹಾಕಿ. ರಕ್ತ ಇಲ್ಲೇ ಕೊಟ್ಟು ರಿಪೋರ್ಟ್ ಕಳಿಸಿದರೆ ಸಾಕೇ ಎಂದು ಮೊದಲ ದಿನವೇ ಕೇಳಿ.

ಶುರುವಿಗೂ ಮುನ್ನ ಬಿಪಿ, ರಕ್ತಕಣ, ಲಿವರ್, ಕಿಡ್ನಿ, ಪೊಟ್ಯಾಶಿಯಂ, ಸಕ್ಕರೆ, ಕೊಬ್ಬಿನ ಪರೀಕ್ಷೆ ಆಗಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಅರೆತಲೆನೋವು, ಬೀಡಿ-ಸಿಗರೇಟು, ಯಾವುದನ್ನೂ ಮುಚ್ಚಿಡಬೇಡಿ.

ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವುದು. ನಮ್ಮ ದೊಡ್ಡ ಆತಂಕ ಇದೇ. ಗರ್ಭನಿರೋಧಕ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವ ಎಥಿನೈಲ್ ಎಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಲಿವರಿನಲ್ಲಿ ಬೇಗ ಕರಗದೆ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ಡಾಕ್ಟರು ಬರೆಯುವ ಎಸ್ಟ್ರಡಯಾಲ್ ವ್ಯಾಲರೇಟ್ ಬೇರೆ. ಸಾಮಾನ್ಯವಾಗಿ ದಿನಕ್ಕೆ 2ರಿಂದ 6 ಮಿಲಿಗ್ರಾಂ. ಹೆಚ್ಚು ನುಂಗಿದ ಮಾತ್ರಕ್ಕೆ ಸ್ತನ ಬೇಗ ಬೆಳೆಯುವುದಿಲ್ಲ. ಟೆಸ್ಟೋಸ್ಟಿರೋನ್ ಇಂಜೆಕ್ಷನ್ ವಾರಕ್ಕೆ 50–100 ಮಿಲಿಗ್ರಾಂ ರೂಢಿ. ಮೀರಿದರೆ ಕೆಂಪುಕಣ ಹೆಚ್ಚಿ ರಕ್ತ ಮಂದವಾಗುತ್ತದೆ. ರಿಪೋರ್ಟಿನಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇಕಡಾ 54 ದಾಟಿದರೆ ಡಾಕ್ಟರು ಡೋಸ್ ಇಳಿಸಬೇಕು, ಇಲ್ಲವೇ ತಡೆಹಿಡಿಯಬೇಕು.

ನಮ್ಮ ಬಿಸಿಲಿಗೆ ಸಂಬಂಧಿಸಿದ ಒಂದು ಮಾತು. ಗಂಡು ಹಾರ್ಮೋನ್ ತಡೆಯಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮೂತ್ರ ಹೆಚ್ಚಿಸುತ್ತದೆ, ಪೊಟ್ಯಾಶಿಯಂ ಉಳಿಸಿಕೊಳ್ಳುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ನೀರು ಕಡಿಮೆಯಾದರೆ ತಲೆಸುತ್ತಿ ಬೀಳಬಹುದು. ದಾಹಕ್ಕೆಂದು ದಿನಕ್ಕೆ ಮೂರು ನಾಲ್ಕು ಎಳನೀರು ಕುಡಿದರೆ ಪೊಟ್ಯಾಶಿಯಂ ಏರಿ ಹೃದಯದ ಬಡಿತ ಏರುಪೇರಾಗಬಹುದು. ನೀರು, ಮಜ್ಜಿಗೆ ಸಾಕು. ರೋಜಾ, ಉಪವಾಸ ಹಿಡಿಯುವವರು, ವಾಂತಿ-ಭೇದಿ ಶುರುವಾದವರು ಡಾಕ್ಟರನ್ನು ಕೇಳಿ.

ಒಂದೇ ಕಾಲಿನ ಮೀನಖಂಡ ಊದಿ ನೋವು, ಎದೆನೋವು, ಏಕಾಏಕಿ ಉಸಿರಾಟದ ಕಷ್ಟ: ಕಾಯದೆ 108ಕ್ಕೆ ಕರೆ ಮಾಡಿ.

ಮನಸ್ಸು ಇನ್ನೂ ತೂಗುತ್ತಿದ್ದರೆ ಕಾಯುವುದರಲ್ಲಿ ಸೋಲೇನಿಲ್ಲ. ಹೆಸರು, ಉಡುಪು, ಲೇಸರ್ ಯಾವುದಕ್ಕೂ ಹಾರ್ಮೋನ್ ಬೇಕಿಲ್ಲ. ಹಾರ್ಮೋನ್ ಬೇಡವೆಂದವರೂ ಟ್ರಾನ್ಸ್ ವ್ಯಕ್ತಿಗಳೇ. ರಾತ್ರಿ ಮನಸ್ಸು ತೀರ ಕುಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮುಂದುವರಿಯುವುದಾದರೆ ಮೊದಲ ಭೇಟಿಗೆ ಆ ಹಾಳೆ ಒಯ್ಯಿರಿ, ಜೊತೆಗೆ ಈಗಾಗಲೇ ನುಂಗಿರುವ ಪ್ರತಿ ಗುಳಿಗೆಯ ಖಾಲಿ ಸ್ಟ್ರಿಪ್ ಕೂಡ. ನಾಚಿಕೆಯಿಂದ ಒಂದನ್ನು ಬಚ್ಚಿಟ್ಟರೂ ಡಾಕ್ಟರ್ ಹಾಕುವ ಡೋಸಿನ ಲೆಕ್ಕ ತಪ್ಪುತ್ತದೆ.