ಐವತ್ತು ಜನರ ಮದುವೆಗೆ ಎರಡು ಸಣ್ಣ ಲೆನ್ಸ್

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಫೋಟೋ ತೆಗೆಯಲು ನಾನು ಈಗ ಒಪ್ಪಿಕೊಳ್ಳುವುದು ಹೆಚ್ಚಾಗಿ ಸಣ್ಣ ಮದುವೆಗಳನ್ನೇ. 2020ರಲ್ಲಿ ಕೊರೊನಾದಿಂದ ಮದುವೆಗೆ 50 ಜನ ಮಾತ್ರ ಎಂಬ ನಿಯಮ ಬಂತು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿಯೂ ಬಿಗಿಯಾಯಿತು. ಆಗ ಹಾಲ್ ಬಿಟ್ಟು ಮನೆಯಂಗಳದಲ್ಲಿ ಚಪ್ಪರ ಹಾಕಿದವರನ್ನು ನೋಡಿ, ಇದೇ ಚೆಂದ ಅಂತ ಆಮೇಲೂ ಹಾಗೆಯೇ ಮಾಡುವವರಿದ್ದಾರೆ. ನನಗೂ ಇದೇ ಇಷ್ಟ.

ಆಗ ನನ್ನ ಹತ್ತಿರ ಇದ್ದದ್ದು ನಿಕಾನ್ ಡಿ750 ಕ್ಯಾಮೆರಾ, ಅದಕ್ಕೆ 24-70 ಎಂಎಂ ಝೂಮ್ ಲೆನ್ಸ್. ಎರಡೂ ಸೇರಿ 1,740 ಗ್ರಾಂ. ಚಿತ್ರ ಬಹಳ ಚೆನ್ನಾಗಿ ಬರುತ್ತಿತ್ತು. ಆದರೆ ಅಂಗಳದಲ್ಲಿ ಅದನ್ನು ಎತ್ತಿದ ಕೂಡಲೇ ಅಜ್ಜಿಯಂದಿರು ಸೆರಗು ಸರಿ ಮಾಡಿ ನೆಟ್ಟಗೆ ಕೂತುಬಿಡುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನನಗೆ ಬೇಕಾಗಿದ್ದದ್ದು ಆ ಮಾತೇ ಅಲ್ವಾ?

ಹೊಸದು ಕೊಳ್ಳುವ ಮೊದಲು ಒಂದು ಕೆಲಸ ಮಾಡಿದೆ. ಅದುವರೆಗೆ ಆಲ್ಬಂಗೆ ಹೋದ ಚಿತ್ರಗಳನ್ನು ಮಾತ್ರ ಲೈಟ್‌ರೂಮ್ ಎಂಬ ಫೋಟೋ ಸಾಫ್ಟ್‌ವೇರಿನಲ್ಲಿ ತೆರೆದು, ಯಾವುದನ್ನು ಎಷ್ಟು ಎಂಎಂನಲ್ಲಿ ತೆಗೆದಿದ್ದೇನೆ ಅಂತ ನೋಡಿದೆ (ಎಂಎಂ ಕಡಿಮೆಯಾದಷ್ಟು ನೋಟ ಅಗಲ, ಹೆಚ್ಚಾದಷ್ಟು ಹತ್ತಿರ). ಹೆಚ್ಚಿನವು 35ರ ಆಸುಪಾಸು, ಉಳಿದವು ಝೂಮಿನ 70ರ ತುದಿ. ನಡುವಿನದ್ದು ತೀರಾ ಕಡಿಮೆ. ಲೆನ್ಸ್ ಯಾವುದು ಅಂತ ಅಲ್ಲಿಗೇ ಗೊತ್ತಾಯಿತು. ಫ್ಯೂಜಿ ಎಕ್ಸ್-ಟಿ3 ತೆಗೆದುಕೊಂಡೆ, ಜೊತೆಗೆ 23 ಎಂಎಂ ಎಫ್2 ಮತ್ತು 56 ಎಂಎಂ ಎಫ್1.2 (ಎಫ್ ಸಂಖ್ಯೆ ಸಣ್ಣದಾದಷ್ಟು ಬೆಳಕು ಹೆಚ್ಚು). ಇದರಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಸಣ್ಣದು, ಒಂದೂವರೆ ಪಟ್ಟು ಲೆಕ್ಕ ಹಿಡಿದರೆ 35 ಮತ್ತು 85ರ ನೋಟವೇ ಸಿಗುತ್ತದೆ. 23 ಹಾಕಿದರೆ ಒಟ್ಟು ತೂಕ 719 ಗ್ರಾಂ.

"ಎಂತ ಮಾರಾಯ, ಇಷ್ಟು ಸಣ್ಣ ಕ್ಯಾಮೆರಾವಾ?" ಅಂತ ಹುಡುಗಿಯ ಮಾವ ಒಬ್ಬರು ಕೇಳಿದ್ದರು. ಸ್ವಲ್ಪ ಹೊತ್ತಿಗೆ ಅವರೇ ನನ್ನನ್ನು ಮರೆತು ಎಲೆಯಡಿಕೆ ಹಾಕುತ್ತಾ ಹರಟೆಗೆ ಕೂತರು. ಆ ಚಿತ್ರ ಅವರ ಮನೆ ಗೋಡೆಯಲ್ಲಿದೆ.

ನಮ್ಮಲ್ಲಿ ನಿಜವಾದ ತೊಂದರೆ ಟಾರ್ಪಾಲಿನದ್ದು. ನೀಲಿ ಟಾರ್ಪಾಲಿನ ಅಡಿಯಲ್ಲಿ ಮುಖವೆಲ್ಲ ನೀಲಿ. ಬದಿಯಿಂದ ಹಗಲಿನ ಬೆಳಕೂ ಬೀಳುವುದರಿಂದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಬದಲಿಸಿದರೂ ಒಂದು ಕೆನ್ನೆ ಸರಿಯಾದರೆ ಇನ್ನೊಂದು ಕೆಂಪಗಾಗುತ್ತದೆ. ಎಷ್ಟು ದುಡ್ಡಿನ ಕ್ಯಾಮೆರಾ ಆದರೂ ಇದು ಹೋಗುವುದಿಲ್ಲ. ಹಾಗಾಗಿ ಹಿಂದಿನ ದಿನವೇ ಹೋಗಿ, ಮಂಟಪದ ಮೇಲಾದರೂ ಬಿಳಿ ಬಟ್ಟೆ ಕಟ್ಟಿಸುತ್ತೇನೆ. ಭಟ್ಟರ ಹತ್ತಿರ ಯಾರು ಯಾವ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ ಅಂತ ಕೇಳಿ, ನನ್ನ ಜಾಗ ಗುರುತು ಮಾಡಿಕೊಳ್ಳುತ್ತೇನೆ.

ಧಾರೆಯ ಹೊತ್ತಿಗೆ ನಾನು ನೆಲದಲ್ಲೇ ಕೂರುತ್ತೇನೆ. ಅಂತರಪಟ ಸರಿಯುವಾಗ ಬದಿಯಲ್ಲಿದ್ದರೆ ಇಬ್ಬರ ಕಣ್ಣೂ ಒಂದೇ ಚೌಕಟ್ಟಿಗೆ ಬರುತ್ತವೆ. ಆಮೇಲೆ ಗಿಂಡಿಯ ಮೂತಿಯಿಂದ ಕೈಗಳ ಮೇಲೆ ನೀರು. ಶಟರ್ 1/125 ಸೆಕೆಂಡ್ ಇಟ್ಟರೆ ನೀರು ನೂಲಿನ ಹಾಗೆ ಕಾಣುತ್ತದೆ, 1/500ಕ್ಕೆ ಹನಿಗಳು ಬಿಡಿಬಿಡಿ. ನನಗೆ ನೂಲೇ ಇಷ್ಟ. ಅಪ್ಪನ ಕೈ ನಡುಗುತ್ತಿದ್ದರೆ ಆ ನೂಲಿನಲ್ಲಿ ಅದೂ ಕಾಣುತ್ತದೆ. ಫ್ಲ್ಯಾಶ್ ಹಾಕುವುದಿಲ್ಲ, ಬೆಳಕಿಗೆ ಸ್ಪಂದಿಸುವ ಐಎಸ್ಒ ಅಳತೆಯಲ್ಲಿ 3200ರವರೆಗೆ ಧೈರ್ಯವಾಗಿ ಹೋಗುತ್ತೇನೆ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಮಂತ್ರದ ನಡುವೆ ತುಂಬಾ ಅನುಕೂಲ. ಎಲ್ಇಡಿ ಬಲ್ಬಿನ ಅಡಿಯಲ್ಲಿ ಮಾತ್ರ ಅದರಿಂದ ಚಿತ್ರಕ್ಕೆ ಪಟ್ಟೆ ಬರಬಹುದು. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗಬಹುದು, ಹಾಗಾಗಿ ಅಲ್ಲಿ ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ 1/100 ಇಡುತ್ತೇನೆ.

ಬ್ಯಾಟರಿ ಬೇಗ ಮುಗಿಯುತ್ತದೆ. ಕಂಪನಿಯ ಲೆಕ್ಕದಲ್ಲೇ ಒಂದು ಚಾರ್ಜಿಗೆ ಡಿ750ಗೆ 1,230 ಚಿತ್ರ, ಇದಕ್ಕೆ 390. ಜೇಬಿನಲ್ಲಿ ಹೆಚ್ಚಿಗೆ ಇಟ್ಟುಕೊಂಡರೆ ಆಯಿತು. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದ ಹಾಗೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಬೇಕು.

ಇದಕ್ಕಿಂತ ಸಣ್ಣ ಎಕ್ಸ್-ಟಿ30 ಇದೆ, ಅಗ್ಗವೂ ಹೌದು. ಆದರೆ ಅದಕ್ಕೆ ಮೆಮೊರಿ ಕಾರ್ಡ್ ಹಾಕಲು ಜಾಗ ಒಂದೇ, ನನ್ನ ಎಕ್ಸ್-ಟಿ3ಗೆ ಎರಡು. ಸುತ್ತಾಟಕ್ಕೆ ಸಾಕು, ಮದುವೆಗೆ ನಾನು ಒಪ್ಪುವುದಿಲ್ಲ. ಎರಡು ಕಾರ್ಡಿಗೂ ಒಟ್ಟಿಗೆ ಬರೆಯಲು ಬಿಟ್ಟು, ಆಲ್ಬಂ ಮನೆ ಸೇರುವವರೆಗೆ ಒಂದನ್ನು ಅಳಿಸದೆ ಇಡುತ್ತೇನೆ.